ಓಲ ಮೋಜಣಿ

ನಮ್ಮದು ಸೊಲ್ಲಾಪುರದ ಬಟ್ಟೆ ಅಂಗಡಿಯ ಮನೆತನ. ಚಾದರು, ಟವೆಲ್ಲು ಮಾರಿ ಬದುಕಿದವರು. ಅಂಥ ಮನೆಯ ಮಗಳು ಅರಣ್ಯ ಕಚೇರಿಯಲ್ಲಿ ಮಣ್ಣು ಪರೀಕ್ಷೆಯ ನೌಕರಿಗೆ ಸೇರಿದಾಗ ನೆಂಟರಿಗೆಲ್ಲ ತಮಾಷೆ. "ಸೊಲ್ಲಾಪುರದಾಗ ಅಡವಿ ಎಲ್ಲದವಾ?" ಎಂದು ಕೇಳಿ ಕೇಳಿ ನಗುತ್ತಿದ್ದರು. ಅವ್ವ ಮಾತ್ರ ನಗಲಿಲ್ಲ. ನಾನು ಸಂಜೆ ಮನೆಗೆ ಬಂದರೆ ಹೊಸ್ತಿಲಲ್ಲೇ ನಿಲ್ಲಿಸಿ, "ಮೊದಲ ಸೀರಿ ಝಾಡಿಸ್ಕೋ. ನಾಳಿ ಗಂಡನ ಮನಿಗೂ ಹಿಂಗ ಮಣ್ಣ ಹೊತ್ಕೊಂಡು ಹೋಗ್ತಿ ಏನ?" ಎನ್ನುತ್ತಿದ್ದಳು. ಹೊತ್ತುಕೊಂಡೇ ಹೋದೆ. ಗಂಡನ ಮನೆಯವರೂ ರೂಢಿ ಮಾಡಿಕೊಂಡರು.

ಈಗ ಅಣ್ಣನ ಮಗಳು ಅದೇ ಕೆಲಸಕ್ಕೆ ಸೇರಿದ್ದಾಳೆ. "ಆತ್ಯಾ, ಕೆಲಸ ಹ್ಯಾಂಗಿರ್ತದ, ಖರೇ ಖರೇ ಹೇಳು" ಎಂದಳು. ಅವಳಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಬರೆದದ್ದನ್ನು ನಾನೇ ಓದಿ ಹೇಳಬೇಕು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಬಾಯಲ್ಲಿ ಹೇಳಹೊರಟರೆ ನನಗೆ ನಗು ಬಂದು ಮಾತು ಅರ್ಧಕ್ಕೇ ನಿಲ್ಲುತ್ತದೆ. ಬಡ್ತಿ, ವರ್ಗಾವಣೆಗಳ ಕಥೆ ಬಿಡೋಣ. ಅವು ಎಲ್ಲ ನೌಕರಿಯಲ್ಲೂ ಒಂದೇ ತರಹ ಬೇಸರದವು.

ಮೊದಲು ಅಡವಿಯ ಮಾತು. ನೆಂಟರು ನಕ್ಕದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕಡೆಯ ಅಡವಿಯನ್ನು ಅಡವಿ ಎಂದು ಹೇಳಿಕೊಳ್ಳಲು ಸ್ವಲ್ಪ ಧೈರ್ಯ ಬೇಕು. ಗರಸು ಮಣ್ಣಿನ ಮಾಳ, ಹುಲ್ಲು, ಅಲ್ಲಲ್ಲಿ ಜಾಲಿ, ಬೋರೆ. ಸರ್ಕಾರ ನೆಟ್ಟ ಸಾಲುಗಿಡ. ಇವುಗಳ ನಡುವೆ ಎಲ್ಲೋ ಒಂದೊಂದು ಕಡೆ ಬಿರೋಬಾನದೋ ಮೈಲಾರನದೋ ಬನ. ದೇವರದು ಎಂದು ಯಾರೂ ಕೊಡಲಿ ಹಾಕದೆ ಬಿಟ್ಟ ಹಳೆಯ ಮರಗಳ ತುಂಡು ಅಡವಿ. ನನ್ನ ಕೆಲಸ ಈ ಎಲ್ಲ ಕಡೆಯಿಂದ ಮಣ್ಣು ತರುವುದು. ಅದಕ್ಕೆ ಚೀಲಗಳನ್ನು ಅಪ್ಪನ ಅಂಗಡಿಯ ಚಿಂದಿ ಬಟ್ಟೆಯಲ್ಲಿ ನಾನೇ ಹೊಲಿದುಕೊಂಡಿದ್ದೆ. ಗುಲಾಬಿ ಹೂವಿನ ಚೀಲದಲ್ಲಿ ಚಪಳಗಾಂವದ ಎರೆಮಣ್ಣು ಬಂದಿಳಿದಾಗ ಕಚೇರಿಯ ಗುಮಾಸ್ತರು, "ಬಾಯಾರ, ಆಹೇರ ತಂದೀರೇನ್ರಿ?" ಎಂದು ಮದುವೆಯ ಉಡುಗೊರೆ ಮಾಡಿ ರೇಗಿಸುತ್ತಿದ್ದರು.

ತಂದ ಮಣ್ಣನ್ನು ತೂಗುತ್ತಿದ್ದೆವು. ವಿದ್ಯುತ್ ಒಲೆಯಲ್ಲಿ ಒಂದು ಹಗಲು ಒಂದು ರಾತ್ರಿ ಒಣಗಿಸಿ ಮತ್ತೆ ತೂಗುತ್ತಿದ್ದೆವು. ಕಡಿಮೆಯಾದ ತೂಕವೇ ನೀರು. ಇಷ್ಟೇ ವಿದ್ಯೆ. ಆದರೆ ಮೊದಲ ಬೇಸಿಗೆಯಲ್ಲೇ ನಾನು ಬೆರಗಾಗಿ ನಿಂತೆ. ಕೈಯಲ್ಲಿ ಹಿಡಿದು ಉಜ್ಜಿದರೆ ಧೂಳಾಗಿ ಹಾರುವ ಮಣ್ಣು, ಇದರಲ್ಲಿ ಹನಿ ನೀರಿಲ್ಲ ಎಂದು ನಾನು ಆಣೆ ಹಾಕಿ ಹೇಳುತ್ತಿದ್ದ ಮಣ್ಣು, ಒಲೆಯಿಂದ ಹೊರಬಂದಾಗ ಹಗುರಾಗಿತ್ತು. ಅಷ್ಟು ಬಿಸಿಲು ಹೀರಿದ ಮೇಲೂ ಅದು ತನ್ನೊಳಗೆ ಏನನ್ನೋ ಉಳಿಸಿಕೊಂಡಿತ್ತು. ನಾನು ತಕ್ಕಡಿ ಕೆಟ್ಟಿದೆ ಎಂದುಕೊಂಡು ಮೂರು ಸಲ ತೂಗಿದೆ. ತಕ್ಕಡಿ ಸರಿಯಾಗಿಯೇ ಇತ್ತು. ಕೆಟ್ಟದ್ದು ಆಮೇಲೆ ಒಂದು ದಿನ ಬೇರೆ ಕಾರಣಕ್ಕೆ: ಗುಮಾಸ್ತರು ರೊಟ್ಟಿ ಬೆಚ್ಚಗಿರಲಿ ಎಂದು ನಮ್ಮ ಒಲೆಯಲ್ಲಿಟ್ಟು ಮರೆತರು. ಮರುದಿನ ಹೆಂಚಿನಂತಾದ ರೊಟ್ಟಿಯನ್ನು ತಕ್ಕಡಿಯ ಮೇಲೆ ಎಸೆದು, "ಇದರಾಗೆಷ್ಟು ನೀರಿತ್ತು ನೋಡ್ರಿ" ಎಂದರು. ತಕ್ಕಡಿಯ ಮುಳ್ಳು ಅವತ್ತಿನಿಂದ ಓರೆ.

ಆಗಿನ ನಮ್ಮ ಸಾಹೇಬರನ್ನು ನಾವೆಲ್ಲ ಹಿಂದಿನಿಂದ ಝಾಡೂ ಸಾಹೇಬರು ಎನ್ನುತ್ತಿದ್ದೆವು. ಸ್ವಚ್ಛತೆಯ ಮನುಷ್ಯ. ಅಕ್ಕಲಕೋಟ ರಸ್ತೆಯಲ್ಲಿ ಎಂಐಡಿಸಿ ಕಾರ್ಖಾನೆಗಳ ವಸಾಹತು ದಾಟಿದ ಮೇಲೆ ನಮ್ಮದೊಂದು ನೆಡುತೋಪು ಇತ್ತು. ಗಿಡಗಳು ಚೆನ್ನಾಗಿ ಎತ್ತರ ಬಂದಿದ್ದವು. ಮೇಲಿನವರು ನೋಡಲು ಬರುತ್ತಾರೆ ಎಂದಾಗ ಸಾಹೇಬರು ಆಳುಗಳ ಕೈಗೆ ಕಸಬರಿಗೆ ಕೊಟ್ಟರು. "ಏಕ್ ಪಾನ್ ದಿಸಾಯಲಾ ನಕೋ" ಎಂದರು. ಒಂದು ಎಲೆ ಕೂಡ ಕಣ್ಣಿಗೆ ಬೀಳಬಾರದು ಎಂದು. ವರ್ಷಗಟ್ಟಲೆ ಉದುರಿ ಕೂತಿದ್ದ ತರಗೆಲೆಯನ್ನೆಲ್ಲ ಗುಡಿಸಿ ಸುಟ್ಟರು. ಗಿಡದ ಬುಡಕ್ಕೆ ಸುಣ್ಣ ಬಳಿದರು. ನೆಲ ಮದುವೆ ಮನೆಯ ಅಂಗಳದ ಹಾಗೆ ಆಯಿತು. ರಂಗೋಲಿ ಒಂದು ಬಾಕಿ.

ಆ ವರ್ಷದ ಮೊದಲ ದೊಡ್ಡ ಮಳೆಯಲ್ಲಿ ನಾನು ಅಲ್ಲೇ ಇದ್ದೆ. ಹನಿಗಳು ನೇರ ನೆಲಕ್ಕೆ ಬಡಿದವು. ನೆಲದ ಮೇಲೆ ನೋಡನೋಡುತ್ತ ಒಂದು ನುಣುಪು ಪೊರೆ ಕಟ್ಟಿತು. ಆಮೇಲೆ ಬಿದ್ದ ನೀರು ಒಳಗಿಳಿಯಲಿಲ್ಲ. ಸುಣ್ಣ ತೊಳೆದುಕೊಂಡು, ಕೆಂಪಾಗಿ ರಸ್ತೆಗೆ ಹರಿಯಿತು. ಮಗ್ಗದ ಕಾರ್ಖಾನೆಗೆ ಹೋಗುವ ಸೈಕಲ್ಲಿನವರು ನಮ್ಮನ್ನು ಬೈದುಕೊಂಡು ಹೋದರು. ಮಳೆ ನಿಂತ ಮೇಲೆ ಬೆರಳು ಚುಚ್ಚಿ ನೋಡಿದರೆ ಉಗುರಿನಷ್ಟು ಕೆಳಗೆ ಬರೀ ಧೂಳು.

ಇದನ್ನು ಮನೆಯಲ್ಲಿ ಹೇಳಿದಾಗ ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ. ಅವರು ಅಂಗಡಿಯಿಂದ ಎರಡು ಟವೆಲ್ಲು ತಂದರು. ಒಂದು ಗಂಜಿ ಹಾಕಿ ಇಸ್ತ್ರಿ ಮಾಡಿದ್ದು, ನಯವಾಗಿ ಹೊಳೆಯುತ್ತಿತ್ತು. ಇನ್ನೊಂದು ಉಬ್ಬು ನೂಲಿನ ಹಳೆಯದು. ಎರಡರ ಮೇಲೂ ನೀರು ಚಿಮುಕಿಸಿದರು. ಗಂಜಿಯ ಟವೆಲ್ಲಿನ ಮೇಲೆ ಹನಿಗಳು ಜಾರಿ ನೆಲಕ್ಕೆ ಬಿದ್ದವು. ಹಳೆಯದು ಸದ್ದಿಲ್ಲದೆ ಕುಡಿಯಿತು. "ಗಿರಾಕಿ ಥಳಕು ನೋಡಿ ಮೋಸ ಹೋಗ್ತಾನ. ನಿನ್ನ ಸಾಹೇಬನೂ ಹೋಗ್ಯಾನ" ಎಂದರು. ಮುಂದೆ ತರಬೇತಿಗೆ ಬಂದ ಎಷ್ಟೋ ಮಂದಿಗೆ ನಾನು ಇದನ್ನೇ ತೋರಿಸಿ ಪಾಠ ಮಾಡಿದ್ದೇನೆ. ನೂಲಿನ ಉಬ್ಬುಗಳ ಸಂದಿನಲ್ಲಿ ನೀರು ನಿಲ್ಲುವ ಹಾಗೆ, ಅಡವಿಯ ಮಣ್ಣಿನ ಹರಳುಗಳ ಸಂದಿನಲ್ಲಿ ನಿಲ್ಲುತ್ತದೆ. ಆ ಸಂದುಗಳನ್ನು ಮಾಡುವವರು ಯಾರು? ಕೊಳೆತ ಎಲೆ, ಎರೆಹುಳ, ಗೆದ್ದಲು, ಸತ್ತ ಬೇರು ಬಿಟ್ಟುಹೋದ ಕೊಳವೆ, ಕೂದಲಿಗಿಂತ ಸಣ್ಣ ಬೂಷ್ಟಿನ ಎಳೆಗಳು. ಇಷ್ಟೆಲ್ಲ ನೇಕಾರರು ಸೇರಿ ನಮ್ಮ ಕಾಲ ಕೆಳಗೆ ಹಗಲಿರುಳು ನೇಯುತ್ತಿರುವುದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಝಾಡೂ ಸಾಹೇಬರು ವರ್ಗವಾಗಿ ಹೋದರು. ಬಹಳ ವರ್ಷಗಳ ಮೇಲೆ ಪ್ರಾಜಕ್ತಾ ಮ್ಯಾಡಮ್ ಬಂದರು. ಕೊಂಕಣದ ಹುಡುಗಿ, ವಯಸ್ಸಿನಲ್ಲಿ ನನ್ನ ಮಗಳಷ್ಟು. ಬಂದ ದಿನವೇ ತೋಪಿಗೆ ಹೋಗಿ ಮೊಣಕಾಲೂರಿ ಕೂತು, ಎಲೆ ಸರಿಸಿ ಅಂಗೈಯನ್ನು ನೆಲಕ್ಕೊತ್ತಿದರು. ಕಣ್ಣು ಮುಚ್ಚಿದರು. ನನಗೆ ಇವರ ಜೊತೆ ಹೊಂದುತ್ತದೆ ಎನಿಸಿತು. ಒಂದೇ ತೊಂದರೆ: ಅವರಿಗೆ ಕನ್ನಡದ ಒಂದು ಅಕ್ಷರ ಬರುತ್ತಿರಲಿಲ್ಲ. ನಮ್ಮ ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿ ಮರಾಠಿ ನಡೆಯುತ್ತದೆ, ಆದರೆ ಕನ್ನಡದ ಕಿವಿಯಿಂದ ಕೇಳಿಸಿಕೊಂಡು ನಡೆಯುತ್ತದೆ.

ಕುರನೂರಿನ ಆಚೆಯ ಒಂದು ಹಳ್ಳಿಯಲ್ಲಿ ಬಿರೋಬಾನ ಬನವಿತ್ತು. ಇಳಿಜಾರಿನ ಮೇಲೆ ಬೇವು, ಅತ್ತಿ, ಬನ್ನಿ, ಹುಣಸೆ ಒತ್ತೊತ್ತಾಗಿ ಬೆಳೆದಿದ್ದವು. ಇಳಿಜಾರಿನ ಬುಡದಲ್ಲಿ ಕಲ್ಲು ಕಟ್ಟಿದ ಸಣ್ಣ ಸೆಲೆ. ಸುತ್ತಲಿನ ಬೋರುಗಳು ಕೈಕೊಟ್ಟರೂ ಅದು ಬತ್ತುವುದಿಲ್ಲ ಎಂದು ಹೇಳುತ್ತಿದ್ದರು. ಬನದ ಮಣ್ಣನ್ನೂ ಪಕ್ಕದ ಬೋಳು ನೆಲವನ್ನೂ ಹೋಲಿಸಿ ನೋಡಬೇಕೆಂದು ಮ್ಯಾಡಮ್ ಆಸೆಪಟ್ಟರು. ಹೇಳದೆ ಕೇಳದೆ ದೇವರ ಜಾಗಕ್ಕೆ ಹೋಗಬಾರದು ಎಂದು ಹಿಂದಿನ ದಿನ ಪಂಚಾಯಿತಿಯ ಸಿಪಾಯಿಗೆ ಫೋನು ಮಾಡಿ, ನಾಳೆ ಬಿರೋಬಾನ ಬನದಲ್ಲಿ ಓಲ ಮೋಜಣಿ ಇದೆ, ಊರಿಗೆ ತಿಳಿಸಿ ಎಂದು ಮರಾಠಿಯಲ್ಲಿ ಹೇಳಿದರು. ಓಲ ಎಂದರೆ ಮಣ್ಣಿನ ಹಸಿ, ತೇವ. ಮೋಜಣಿ ಎಂದರೆ ಅಳತೆ. ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಸಿಪಾಯಿ ಧ್ವನಿವರ್ಧಕದಲ್ಲಿ ಕೂಗಿದ: "ನಾಳಿ ಮುಂಜಾನಿ ಬಿರೋಬಾನ ಬನದಾಗ ವನಖಾತೆಯವ್ರು ಹೊಲ ಮೋಜಣಿ ಮಾಡ್ತಾರ್ರೀ!"

ಅವನನ್ನು ಬೈದು ಪ್ರಯೋಜನವಿಲ್ಲ. ಮೋಜಣಿ ಎಂದರೆ ನಮ್ಮ ಕಡೆ ಹೊಲದ ಸರ್ವೇ ಎಂದೇ ಅರ್ಥ. ಹುಟ್ಟಿದಾಗಿನಿಂದ ಅವನು ಹೊಲ ಅಳೆಯುವುದನ್ನು ಕಂಡಿದ್ದ. ಹಸಿ ಅಳೆಯುವವರನ್ನು ಯಾರು ಕಂಡಿದ್ದರು?

ಮರುದಿನ ಬೆಳಿಗ್ಗೆ ನಮ್ಮ ಜೀಪು ಬನದ ಹತ್ತಿರ ನಿಂತಾಗ ಜನ ಸೇರಿದ್ದರು. ಯಾರೂ ಬರ್ರಿ ಎನ್ನಲಿಲ್ಲ. ಅವರ ಮುಂದೆ ಮಾಳವ್ವ ನಿಂತಿದ್ದಳು, ಕೈಯಲ್ಲಿ ಕೊಡಲಿ. ಇವಳು ಕುರುಬರ ಹೆಣ್ಣುಮಗಳು, ನನ್ನ ಓರಗೆಯವಳು. ಬನದ ದೇವರಿಗೆ ದೀಪ ಹಚ್ಚುವುದು ಅವಳ ಮನೆತನದ ಪಾಳಿ. ಗಂಡ ಕುರಿಹಿಂಡಿನ ಜೊತೆ ದೂರ ಹೋಗಿದ್ದ. ಬನಕ್ಕೆ ಹತ್ತಿದ ಹಾಗೇ ಅವಳ ಹೊಲ. ಬನದ ಗಿಡಗಳು ವರ್ಷ ವರ್ಷಕ್ಕೂ ಒಂದಿಷ್ಟು ಬದುವು ದಾಟಿ ಆ ಹೊಲದೊಳಗೆ ಕಾಲಿಡುತ್ತಿದ್ದವು. ಗಿಡ ಇದ್ದಷ್ಟೂ ಜಾಗವನ್ನು ಸರ್ಕಾರ ಅಡವಿ ಎಂದು ಬರೆದುಕೊಳ್ಳುತ್ತದೆ ಎಂಬ ಸುದ್ದಿ ಊರಲ್ಲಿ ಹಬ್ಬಿತ್ತು. ಅದಕ್ಕೇ ಅವಳು ನಾವು ಬರುವುದರೊಳಗೆ ಗಿಡ ತೆಗೆಯಲು ಬಂದಿದ್ದಳು. ಕೊಡಲಿಯ ಬಾಯಿಗೆ ಹಳದಿ ಭಂಡಾರ ಹಚ್ಚಿತ್ತು. ದೇವರ ಕ್ಷಮೆ ಬೇಡಿ ಹಚ್ಚಿದ್ದಳು. ಅಂಚಿನ ಬೇವಿನ ಒಂದು ದೊಡ್ಡ ಕೊಂಬೆ ಆಗಲೇ ನೆಲಕ್ಕೆ ಬಿದ್ದಿತ್ತು.

"ಹೊಲ ಮೋಜಾಕ ಬಂದೀರಿ?" ಎಂದು ಕೇಳಿದಳು.

ಮ್ಯಾಡಮ್‌ಗೆ ಅದರಲ್ಲಿ ತಮಗೆ ಗೊತ್ತಿದ್ದ ಶಬ್ದ ಕೇಳಿಸಿತು. ಖುಷಿಯಿಂದ, "ಹೋ, ಹೋ! ಓಲ ಮೋಜಣಾರ!" ಎಂದರು. ಹೌದು, ಅಳೆಯುತ್ತೇವೆ ಎಂದು, ಮುಖದ ತುಂಬ ನಗು ಬೇರೆ.

ಗದ್ದಲ ಎದ್ದಿತು. ಯಾರೋ ಜೀಪಿನ ಬಾನೆಟ್ಟಿಗೆ ಕೈ ಬಡಿದರು. ನನಗೂ ಆ ಕ್ಷಣ ಏನೂ ತಿಳಿಯಲಿಲ್ಲ. ಮಾಳವ್ವ ಕೂಗುತ್ತಿರಲಿಲ್ಲ. ಕೊಡಲಿ ಹಿಡಿದೇ ನನ್ನ ಕಡೆ ತಿರುಗಿದಳು. "ಬಾಯಾರ, ನೀವು ನಮ್ಮ ಮಾತಿನವ್ರಿದ್ದೀರಿ. ನೀವರೆ ಹೇಳ್ರಿ. ನಮ್ಮನಿಯವ್ರು ಊರಾಗಿಲ್ಲ. ಹೊಲ ಬಿಟ್ರ ಮಕ್ಕಳಿಗೆ ಏನ ಹಾಕ್ಲಿ? ಬನ ಕಡದ್ರ ದೇವರಿಗೆ ಏನ ಹೇಳ್ಲಿ? ಯಾವುದ ಉಳಿಸ್ಕೊಳ್ಲಿ ನಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಜೀಪಿನೊಳಗೆ ಇಣುಕಿದಳು. "ಮೋಜಣಿ ಸಾಖಳಿ ಎಲ್ಲದ? ಕೊಡ್ರಿಲ್ಲಿ" ಎಂದಳು. ಸರಪಳಿಯನ್ನೇ ಕಸಿದುಕೊಳ್ಳುವ ಯೋಚನೆ. ಜೀಪಿನಲ್ಲಿ ಇದ್ದದ್ದು ನಮ್ಮ ನೀರಿನ ಡಬ್ಬಿ, ಸುತ್ತಿಗೆ ಮತ್ತು ಒಂದು ಕಬ್ಬಿಣದ ಬಳೆ, ಅಷ್ಟೆ. ನೆಲಕ್ಕೆ ಅರ್ಧ ಹುಗಿದು ಒಳಗೆ ನೀರು ಸುರಿದು, ಎಷ್ಟು ಬೇಗ ಇಳಿಯುತ್ತದೆ ಎಂದು ನೋಡುವ ಬಳೆ, ತಾಟಿನಗಲದ್ದು. ನಾನು ಅದನ್ನೆತ್ತಿ ತೋರಿಸಿದೆ. ಮಾಳವ್ವ ಬಳೆಯನ್ನೂ ತನ್ನ ಹೊಲವನ್ನೂ ನೋಡಿದಳು. "ಇಷ್ಟ ಬಳ್ಯಾಗ ಅಷ್ಟ ಹೊಲ ಹ್ಯಾಂಗ ಮೋಜ್ತೀರಿ?" ಎಂದಳು.

ಆಗ ನನ್ನ ತಲೆಯಲ್ಲಿ ಓಲವೂ ಹೊಲವೂ ಡಿಕ್ಕಿ ಹೊಡೆದವು. ನಾನು ಜೀಪಿನ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕೆ, ಕಣ್ಣಲ್ಲಿ ನೀರು ಬರುವ ತನಕ. ಎಲ್ಲರಿಗೂ ಬಿಡಿಸಿ ಹೇಳಿದೆ: ಹೊಲವಲ್ಲ, ಓಲ. ನೆಲದ ಹಸಿ. ನಾವು ನೆಲ ಒಯ್ಯುವವರಲ್ಲ, ನೀರು ಎಲ್ಲಿ ಹೋಗುತ್ತದೆ ಎಂದು ನೋಡುವವರು. ಮೊದಲು ಯಾರೂ ನಂಬಲಿಲ್ಲ. ಆಮೇಲೆ ಒಬ್ಬ ನಕ್ಕ. ಆಮೇಲೆ ಎಲ್ಲರೂ ಸಿಪಾಯಿಯನ್ನು ಹುಡುಕತೊಡಗಿದರು. ಅವನು ಹುಣಸೆಯ ಹಿಂದೆ ನಿಂತಿದ್ದ.

ಮಾಳವ್ವ ನಗಲಿಲ್ಲ. ಬಿದ್ದ ಕೊಂಬೆಯ ಹತ್ತಿರ ಕೂತುಬಿಟ್ಟಳು. "ಒಂದ ಎಲಿ ಹರಿಯಾಕ ಬಿಟ್ಟಿದ್ದಿಲ್ಲ ನಾ ಯಾರಿಗೂ" ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ನನ್ನ ನಗು ನಿಂತಿತು.

ನಾವು ಮೊದಲು ಬದುವಿನ ಪಕ್ಕ, ಇನ್ನೂ ಗಿಡ ದಾಟಿ ಬರದ ಅವಳ ಹೊಲದ ಬೋಳು ಅಂಚಿನಲ್ಲಿ ಬಳೆ ಬಡಿದೆವು. ನೀರು ಸುರಿದರೆ ಅದು ಕೆಂಪು ಚಹಾದ ಹಾಗೆ ನಿಂತಿತು. ಜನ ಕಾದರು. ಒಬ್ಬ ತಂಬಾಕು ತಿಕ್ಕಿ ಬಾಯಿಗಿಟ್ಟುಕೊಂಡು ಉಗುಳಿಯೂ ಬಂದ. ನೀರು ಇನ್ನೂ ನಿಂತೇ ಇತ್ತು.

ಬನದೊಳಗೆ ಹೋಗಲು ಮಾಳವ್ವನ ಅಪ್ಪಣೆ ಬೇಕಿತ್ತು. ದೇವರ ನೆಲಕ್ಕೆ ಕಬ್ಬಿಣ ಹೊಡೆಯುವುದು ಸಣ್ಣ ಮಾತಲ್ಲ. ಅವಳು ಕೊಂಬೆಯ ಹತ್ತಿರದಿಂದ ಎದ್ದು, "ನಾ ಕೊಡ್ಲಿನೇ ಹಾಕೀನಿ. ನೀವು ಬಳಿ ಬಡೀರಿ. ಆದ್ರ, ಚಪ್ಪಲಿ ಬಿಟ್ಟು ಬರ್ರಿ" ಎಂದಳು.

ಚಪ್ಪಲಿ ಬಿಟ್ಟೆವು. ಮ್ಯಾಡಮ್ ತಮ್ಮ ಬೂಟು ಕಳಚಿದರು. ಇದನ್ನು ಹೊಸಬರು ಗಮನವಿಟ್ಟು ಕೇಳಿಸಿಕೊಳ್ಳಬೇಕು. ಅಷ್ಟು ವರ್ಷ ಮಣ್ಣಿನ ಕೆಲಸ ಮಾಡಿದ ನಾನು ಅಡವಿಯ ನೆಲದ ಮೇಲೆ ಬರಿಗಾಲಲ್ಲಿ ನಿಂತದ್ದು ಅದೇ ಮೊದಲು. ಹೊರಗೆ ಸೊಲ್ಲಾಪುರದ ಬೇಸಿಗೆ, ಕಾಲಿಟ್ಟರೆ ಸುಡುವ ಗರಸು. ಒಳಗೆ ಒಂದು ಹೆಜ್ಜೆ ಇಟ್ಟರೆ ತಂಪು ಅಂಗಾಲಿನಿಂದ ಏರಿ ಬಂತು. ನೆಲ ಮೆತ್ತಗೆ ಒಂದಿಷ್ಟು ಕುಸಿದು, ಹೆಜ್ಜೆ ಎತ್ತಿದ ಮೇಲೆ ನಿಧಾನವಾಗಿ ಮೇಲೆದ್ದಿತು. ಒಣಗಿದ ಎಲೆ, ಅದರ ಕೆಳಗೆ ಅರ್ಧ ಕೊಳೆತ ಎಲೆ, ಅದರ ಕೆಳಗೆ ಎಲೆಯೋ ಮಣ್ಣೋ ಹೇಳಲಾಗದ ಕಪ್ಪು. ಮಳೆ ಬಿದ್ದು ಎಷ್ಟೋ ತಿಂಗಳಾಗಿತ್ತು. ಆದರೂ ಮೊದಲ ಮಳೆಯ ವಾಸನೆ ಅಲ್ಲಿತ್ತು.

ಬಳೆ ಬಡಿಯಬೇಕಾಗಲೇ ಇಲ್ಲ. ಅಂಗೈಯಿಂದ ಒತ್ತಿದರೆ ಇಳಿಯಿತು. ನೀರು ಸುರಿದೆ. ನೀರು ಇರಲಿಲ್ಲ. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಡಬ್ಬಿಯಿಂದ ಬಿದ್ದದ್ದು ಕಂಡಿತು, ನಿಂತದ್ದು ಕಾಣಲಿಲ್ಲ. ಇನ್ನೊಮ್ಮೆ ಸುರಿದೆ. ಅದೂ ಹೋಯಿತು. ಸಿಪಾಯಿ ಬಗ್ಗಿ, ಕೆಳಗೆ ಬಿಲ ಇರಬೇಕು ಎಂದು ಬೆರಳು ಹಾಕಿ ನೋಡಿದ. ಬಿಲವಿರಲಿಲ್ಲ.

"ದೇವರು ಕುಡದ" ಎಂದಳು ಮಾಳವ್ವ, ಮೆಲ್ಲಗೆ.

ಮ್ಯಾಡಮ್ ನನ್ನ ಕಡೆ ನೋಡಿದರು. ನಾನು ಮರಾಠಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿ, ಒಂದು ಬೊಗಸೆ ಮಣ್ಣೆತ್ತಿ ಎಲ್ಲರಿಗೂ ತೋರಿಸಿದರು. ಬೆಲ್ಲದ ಪುಡಿಯ ಹಾಗೆ ಉದುರುದುರು ಮಣ್ಣು, ಅದನ್ನು ಹಿಡಿದಿದ್ದ ಬಿಳಿ ಎಳೆಗಳು, ಒಂದು ಎರೆಹುಳ. ಅವರು ಹೇಳುತ್ತ ಹೋದರು, ನಾನು ಕನ್ನಡಕ್ಕೆ ತರುತ್ತ ಹೋದೆ. ಹೋದ ನೀರಲ್ಲಿ ಒಂದು ಪಾಲನ್ನು ಈ ಹರಳುಗಳು ಹಿಡಿದಿಟ್ಟುಕೊಳ್ಳುತ್ತವೆ. ಮರಗಳು ಅದನ್ನು ಬೇಸಿಗೆಯುದ್ದಕ್ಕೂ ಕುಡಿಯುತ್ತವೆ. ಅವೂ ಸುಮ್ಮನೆ ಬಿಡುವವಲ್ಲ, ಬೇಕಾದಷ್ಟು ಕುಡಿಯುತ್ತವೆ. ಉಳಿದದ್ದು ಬೇರಿನ ದಾರಿ ಹಿಡಿದು ಕರಿಗಲ್ಲಿನ ಬಿರುಕಿಗಿಳಿದು, ಅವಸರವಿಲ್ಲದೆ ಕೆಳಗಿನ ಸೆಲೆಗೆ ಬರುತ್ತದೆ. ಸೆಲೆಯಲ್ಲಿ ಈಗ ಕುರಿ ಕುಡಿಯುವ ನೀರು ಯಾವಾಗ ಬಿದ್ದ ಮಳೆಯದು ಎಂದು ಒಬ್ಬ ಮುದುಕ ಕೇಳಿದ. ಮ್ಯಾಡಮ್ ಗೊತ್ತಿಲ್ಲ ಎಂದರು. ನನಗೂ ಗೊತ್ತಿರಲಿಲ್ಲ. ಹೋದ ವರ್ಷದ್ದೋ, ಅದರ ಹಿಂದಿನದ್ದೋ, ಯಾರು ಬಲ್ಲರು. ನಾವೆಲ್ಲ ಕೆಳಗಿನ ಸೆಲೆಯ ಕಡೆ ನೋಡುತ್ತ ನಿಂತೆವು.

ಹೊರಡುವ ಹೊತ್ತಿಗೆ ಮಾಳವ್ವ ಬೇವಿನ ಗಾಯಕ್ಕೆ ಭಂಡಾರ ಮೆತ್ತಿ ಬಂದಳು. ಕಡಿದ ಕೊಂಬೆಯನ್ನು ಮನೆಗೆ ಒಯ್ಯಲಿಲ್ಲ, ಬನದೊಳಗೇ ಎಳೆದು ಹಾಕಿದ್ದಳು. ಬದುವಿನಿಂದ ಈಚೆ, ನಾವು ಮೊದಲು ಬಳೆ ಬಡಿದ ಬೋಳು ಅಂಚನ್ನು ತೋರಿಸಿ, "ಈ ಪಟ್ಟಿ ಇನ್ನ ದೇವರದ. ಉಳಂಗಿಲ್ಲ, ಬಿತ್ತಂಗಿಲ್ಲ" ಎಂದಳು.

"ಅಲ್ಲವಾ, ಈ ಹೊಲಾ ಉಳಿಸ್ಕೊಳ್ಳಾಕ ಕೊಡ್ಲಿ ಹಿಡದಿದ್ದಿ" ಎಂದೆ.

"ಕಸಗೋತಾರ ಅಂತ ಹಿಡದಿದ್ನಿರಿ. ನಂದ ನಾನ ಕೊಟ್ರ ಅದು ಬ್ಯಾರೆ" ಎಂದಳು.

ಗಂಡ ಬಂದ ಮೇಲೆ ಮನೆಯಲ್ಲಿ ದೊಡ್ಡ ಜಗಳವಾಯಿತಂತೆ. ಅವನು ಆ ವರ್ಷವೆಲ್ಲ ಆ ಪಟ್ಟಿಯ ಕಡೆ ಮುಖ ಹಾಕಲಿಲ್ಲವಂತೆ. ಅವಳು ಬಿಟ್ಟುಕೊಡಲಿಲ್ಲ. ಇದೆಲ್ಲ ಸಿಪಾಯಿ ಆಮೇಲೆ ಫೋನಿನಲ್ಲಿ ಹೇಳಿದ್ದು, ಆದ್ದರಿಂದ ಸ್ವಲ್ಪ ಎಚ್ಚರದಿಂದ ನಂಬಬೇಕು. ಕಚೇರಿಯಲ್ಲಿ ಮ್ಯಾಡಮ್ ಅಂದಿನಿಂದ ಹಳ್ಳಿಗೆ ಸುದ್ದಿ ಕಳಿಸುವಾಗ ಮೊದಲು ನನ್ನೆದುರು ಓದುತ್ತಿದ್ದರು. ಓಲ ಎಂಬ ಶಬ್ದ ಬಂದಾಗಲೆಲ್ಲ ಇಬ್ಬರೂ ನಗುತ್ತಿದ್ದೆವು.

ನಾನು ನಿವೃತ್ತಳಾದೆ. ಈಗ ಒಲೆ ಬೇಡ, ತಕ್ಕಡಿ ಬೇಡ. ಎರಡು ಮುಳ್ಳಿನ ಒಂದು ಕಡ್ಡಿ ನೆಲಕ್ಕೆ ಚುಚ್ಚಿದರೆ ಹಸಿ ಎಷ್ಟೆಂದು ಮೊಬೈಲಿನಲ್ಲಿ ಬರುತ್ತದೆ. ಅಣ್ಣನ ಮಗಳು ಅದನ್ನು ಕೊರಳಿಗೆ ತೂಗುಹಾಕಿಕೊಂಡೇ ಓಡಾಡುತ್ತಾಳೆ. ಈ ಬೇಸಿಗೆಯಲ್ಲಿ ಅವಳು ಆ ಊರಿಗೆ ಹೊರಟಾಗ ನಾನೂ ಹೋದೆ. ಹಳೆಯ ಕಬ್ಬಿಣದ ಬಳೆಯನ್ನೂ ಚೀಲದಲ್ಲಿ ಹಾಕಿಕೊಂಡೆ. ಕಚೇರಿಯವರು ಅದನ್ನು ಗುಜರಿಗೆ ಹಾಕುವಾಗ ಕೇಳಿ ತಂದುಕೊಂಡಿದ್ದೆ.

ಮಾಳವ್ವನ ಕೂದಲು ಬೆಳ್ಳಗಾಗಿದೆ. ದನಿ ಹಾಗೇ ಇದೆ. "ಬರ್ರಿ ಬಾಯಾರ" ಎಂದು ನನ್ನ ಕೈ ಹಿಡಿದು ನೇರ ಆ ಪಟ್ಟಿಗೇ ಕರೆದೊಯ್ದಳು. ಬದುವು ಎಲ್ಲಿತ್ತೆಂದು ನನಗೆ ಗುರುತು ಹತ್ತಲಿಲ್ಲ. ಬೇವಿನ ಮರಿಗಳು, ಬೋರೆ, ತಲೆಯೆತ್ತರದ ಒಂದು ಅತ್ತಿ. ನೆಲದ ಮೇಲೆ ಎಲೆ ಬಿದ್ದು ಕೊಳೆಯತೊಡಗಿತ್ತು. ಹುಡುಗಿ ತನ್ನ ಕಡ್ಡಿ ಚುಚ್ಚಿ ಅಂಕಿ ಹೇಳಿದಳು. ಮಾಳವ್ವ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಅದನ್ನ ಬಿಡ್ರಿ. ನಿಮ್ಮ ಬಳಿ ತಗೀರಿ" ಎಂದಳು.

ಚಪ್ಪಲಿ ಬಿಟ್ಟು ಕೂತು ಬಳೆಯನ್ನು ನೆಲಕ್ಕಿಟ್ಟು ಒತ್ತಿದೆ. ಸ್ವಲ್ಪ ಸುತ್ತಿಗೆ ಬೇಕಾಯಿತು. ಮಾಳವ್ವ ಸೆಲೆಯಿಂದ ತಂಬಿಗೆ ತುಂಬಿ ತಂದಳು. ಸುರಿದೆ. ಹಿಂದೆ ನೀರನ್ನು ಚಹಾದಂತೆ ನಿಲ್ಲಿಸಿಕೊಂಡು ನಮ್ಮನ್ನು ಕಾಯುವಂತೆ ಮಾಡಿದ್ದ ನೆಲ ಅದು. ನೀರು ಒಂದು ಗಳಿಗೆ ನಿಂತು, ಯೋಚಿಸಿದ ಹಾಗೆ ಮಾಡಿ, ಇಳಿಯತೊಡಗಿತು. ಹಳೆಯ ಬನದಷ್ಟು ಬೇಗ ಅಲ್ಲ. ಆದರೆ ಇಳಿಯಿತು. ಕಡೆಗೆ ಒದ್ದೆ ಎಲೆಗಳಷ್ಟೇ ಉಳಿದವು. ಒಂದು ಹೆಂಗಸು ಸುಮ್ಮನೆ ಬಿಟ್ಟುಕೊಟ್ಟದ್ದಕ್ಕೆ ಕಲ್ಲಿನಂಥ ನೆಲ ಇಷ್ಟು ಕಲಿತಿತ್ತು, ಅದೂ ನನ್ನ ಒಂದು ಆಯುಷ್ಯದೊಳಗೆ.

ಮಾಳವ್ವ ನನ್ನ ಪಕ್ಕ ಕೂತು ಖಾಲಿ ಬಳೆಯನ್ನೇ ನೋಡುತ್ತಿದ್ದಳು. ಆಮೇಲೆ ನಕ್ಕಳು. ಅವಳು ನಕ್ಕದ್ದನ್ನು ನಾನು ಮೊದಲ ಸಲ ಕಂಡೆ.

"ಆವತ್ತ ಎಲ್ಲಾರೂ ಕೂಡಿ ಆ ಸಿಪಾಯಿಗೆ ಬೈದೀವಿ ನೋಡ್ರಿ. ಅಂವ ಖರೇನೇ ಹೇಳಿದ್ದ."

"ಏನಂತ?"

"ಹೊಲ ಮೋಜಾಕ ಬರ್ತಾರ ಅಂದಿದ್ದ" ಎಂದಳು. "ಈಗ ಬಂದೀರಲ್ಲ. ಮೋಜ್ರಿ."

ತಂಬಿಗೆಯಲ್ಲಿ ಇನ್ನೂ ಅರ್ಧ ನೀರಿತ್ತು. ಸುರಿದೆ. ಅದೂ ಇಳಿಯಿತು.